ಹುಲ್ಲಿಗೂ ರಜೆ ಬೇಕು

ಹಟ್ಟಿ ಮತ್ತು ಹುಲ್ಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳನ್ನೆಲ್ಲ ಜಗಲಿ ಮೇಲೆ ಹರವಿಕೊಂಡು ಕೂತಿದ್ದೇನೆ. ಮುಕ್ಕಾಲು ಪಾಲು ಬೇಲಿಯದ್ದೇ ಮಾತು. ನಾನು ಹಿರಿಯೂರು ಸೀಮೆಯವಳು. ಆರು ಎಕರೆ ಕೆಂಪು ನೆಲ, ಮೂವತ್ತು ಕುರಿ, ಎಂಟು ಮೇಕೆ. ಮದುವೆಯಾಗಿ ಬಂದ ವರ್ಷದಿಂದ ಕುರಿ ಹಿಂದೆಯೇ ಇದ್ದೇನೆ. ನಮ್ಮ ಹೊಲದಲ್ಲಿ ಕಂಡದ್ದು, ಕೈ ಸುಟ್ಟುಕೊಂಡು ಕಲಿತದ್ದು, ಡಾಕ್ಟರ ಹತ್ತಿರ ಕೇಳಿ ತಿಳಿದದ್ದು, ಇಷ್ಟನ್ನೇ ಇಲ್ಲಿ ಬರೆಯುತ್ತೇನೆ.

ಪ್ರಶ್ನೆ: ಅಕ್ಕಾ, ನಾಲ್ಕು ಎಕರೆ ಮಳೆ ಆಶ್ರಯದ ಜಮೀನಿದೆ, 25 ಕುರಿ ಇವೆ. ಸಾಲ ಮಾಡಿ ಸುತ್ತ ಬೇಲಿ ಹಾಕಿಸಿದೆ. ಇನ್ನು ಕಾಯುವ ಕೆಲಸ ತಪ್ಪಿತು ಅಂದುಕೊಂಡೆ. ಎರಡೇ ವರ್ಷಕ್ಕೆ ಒಳ್ಳೆ ಹುಲ್ಲೆಲ್ಲ ಹೋಗಿ ಕಾಂಗ್ರೆಸ್ ಗಿಡ, ತುಂಬೆ ಗಿಡ ತುಂಬಿಕೊಂಡಿವೆ. ಬೇಲಿ ಇಲ್ಲದಾಗಲೇ ಹುಲ್ಲು ಚೆನ್ನಾಗಿತ್ತು. ಏನು ತಪ್ಪಾಯಿತು?
– ಓದುಗರೊಬ್ಬರು, ಶಿರಾ ತಾಲ್ಲೂಕು

ಉತ್ತರ: ತಮ್ಮಾ, ನಿನ್ನ ಪತ್ರ ಓದುವಾಗ ನಮ್ಮ ಹೊಲವೇ ಕಣ್ಣ ಮುಂದೆ ಬಂತು. 2010ರಲ್ಲಿ ನಾವೂ ಇದನ್ನೇ ಮಾಡಿದೆವು. ಇದ್ದ ದುಡ್ಡನ್ನೆಲ್ಲ ಸುತ್ತಿನ ಬೇಲಿಗೆ ಸುರಿದೆವು. ಬೆಳಿಗ್ಗೆ ಬಾಗಿಲು ತೆಗೆಯುವುದು, ಸಂಜೆ ಮುಚ್ಚುವುದು, ಅಷ್ಟೇ. ಮುಂದಿನ ಶಿವರಾತ್ರಿಗೆ ನೆಲ ಬೋಳಿಸಿದ ಹಾಗಿತ್ತು.

ಬೇಲಿ ಇಲ್ಲದಾಗ ನೀನು ಕೋಲು ಹಿಡಿದು ಕುರಿ ಹೊಡೆದುಕೊಂಡು ಹೋಗುತ್ತಿದ್ದೆ. ಇವತ್ತು ಹೊಲದ ಬದು, ನಾಳೆ ಗೋಮಾಳ, ನಾಡಿದ್ದು ಕೆರೆ ಅಂಗಳ. ಕುರಿ ತಿಂದ ಜಾಗಕ್ಕೆ ಮತ್ತೆ ಬರುವ ಹೊತ್ತಿಗೆ ಹುಲ್ಲು ಚಿಗುರಿ ಎದ್ದಿರುತ್ತಿತ್ತು. ನಿನಗೆ ಗೊತ್ತಿಲ್ಲದೆಯೇ ನೀನು ಹುಲ್ಲಿಗೆ ರಜೆ ಕೊಡುತ್ತಿದ್ದೆ. ಬೇಲಿ ಬಂದ ಮೇಲೆ ಆ ರಜೆ ನಿಂತುಹೋಯಿತು.

ಕುರಿ ಹೊಲವನ್ನು ಒಂದೇ ಸಮ ಮೇಯುವುದಿಲ್ಲ. ರುಚಿಯಾದ ಹುಲ್ಲಿನ ಬುಡಕ್ಕೇ ಬಾಯಿ ಹಾಕುತ್ತದೆ. ಅಲ್ಲಿ ಎರಡು ಬೆರಳು ಚಿಗುರು ಬಂದರೆ ಬಿಡದೆ ಮತ್ತೆ ಅದನ್ನೇ ಕಚ್ಚುತ್ತದೆ. ಎಳೆ ಚಿಗುರಿಗೆ ಬೇರು ತಾನು ಕೂಡಿಟ್ಟ ಆಹಾರದ ಗಂಟಿನಿಂದ ಸಾಲ ಕೊಟ್ಟಿರುತ್ತದೆ. ಎಲೆ ಬಲಿತು ಆ ಸಾಲ ತೀರಿಸುವ ಮೊದಲೇ ಎಲೆ ಹೋದರೆ ಬೇರು ಒಣಗುತ್ತದೆ. ಹೀಗೆ ಒಳ್ಳೆ ಹುಲ್ಲೇ ಮೊದಲು ಸಾಯುತ್ತದೆ. ಕುರಿ ಮೂಸಿ ಬಿಟ್ಟ ಗಿಡ ಆ ಜಾಗಕ್ಕೆ ಹಬ್ಬುತ್ತದೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ನಾಲ್ಕು ಎಕರೆ ಅಂದರೆ 160 ಗುಂಟೆ. ಮನೆ ಹತ್ತಿರದ 20 ಗುಂಟೆ ಕೊಯ್ಯುವ ಮೇವಿಗೆ ಇಟ್ಟುಕೋ. ಉಳಿದ 140 ಗುಂಟೆಯನ್ನು 20 ಗುಂಟೆಯಂತೆ ಏಳು ಪಾಲು ಮಾಡು. ಒಂದೊಂದು ಪಾಲಿನಲ್ಲಿ ಐದು ದಿನ ಮೇಯಿಸು. ಮತ್ತೆ ಮೊದಲನೇ ಪಾಲಿಗೆ ಬರುವ ಹೊತ್ತಿಗೆ ಅದಕ್ಕೆ 30 ದಿನ ರಜೆ ಸಿಕ್ಕಿರುತ್ತದೆ. ಮಳೆಗಾಲಕ್ಕೆ ಈ ಲೆಕ್ಕ ಸಾಕು. ಅಕ್ಟೋಬರಿನ ಚಿತ್ತೆ ಮಳೆ ಹಿಂದಾದ ಮೇಲೆ ಚಿಗುರು ನಿಧಾನ, ಆಗ 60 ದಿನ ಬಿಟ್ಟರೂ ಜಾಸ್ತಿಯಲ್ಲ. ಆ ದಿನಗಳಲ್ಲಿ ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಹುರುಳಿ ಹೊಟ್ಟು ಹಟ್ಟಿಯಲ್ಲೇ ಹಾಕಬೇಕು.

ಕ್ಯಾಲೆಂಡರ್ ನೋಡಿಕೊಂಡೇ ಕುರಿ ತಿರುಗಿಸಬೇಡ, ಹುಲ್ಲು ನೋಡು. ನಮ್ಮ ಮನೆಯಲ್ಲಿ ಒಂದು ಅಳತೆ ಇದೆ. ಮುಷ್ಟಿ ಬಿಗಿ ಹಿಡಿದು ಹೆಬ್ಬೆರಳು ಮೇಲೆತ್ತಿ ಹುಲ್ಲಿನ ಬುಡದಲ್ಲಿ ನೆಲಕ್ಕೆ ಊರುವುದು. ಮೇದ ಹುಲ್ಲು ಹೆಬ್ಬೆರಳ ತುದಿಗೆ ಬಂದಿದೆಯೋ, ಆ ಪಾಲಿನಿಂದ ಅವತ್ತೇ ಕುರಿ ಹೊರಗೆ. ಮೂರನೇ ದಿನಕ್ಕೇ ಬಂದರೆ ಮೂರನೇ ದಿನವೇ. ಹುಲ್ಲು ಮತ್ತೆ ಮೊಣಕಾಲಿಗೆ ಬರುವ ತನಕ ಒಳಗೆ ಬಿಡುವ ಹಾಗಿಲ್ಲ. ಪಾಲಿನ ಮಧ್ಯೆ ನಾಲ್ಕೈದು ಕಡೆ ಮುಷ್ಟಿ ಊರಿ ನೋಡು. ಬಾಗಿಲ ಹತ್ತಿರ ಒಂದೇ ಕಡೆ ನೋಡಿದರೆ ಮೋಸ ಹೋಗುತ್ತೀಯ, ಅಲ್ಲಿ ಯಾವಾಗಲೂ ತುಳಿದು ತುಳಿದು ಕುಳ್ಳಾಗಿರುತ್ತದೆ.

25 ಕುರಿಗೆ ಆ ಪಾಲು ಸಾಕಾಗುತ್ತದೋ ಇಲ್ಲವೋ ಅಂತ ತೂಕ ಹಾಕಿಯೂ ನೋಡಬಹುದು. ನಾಲ್ಕು ಕಡ್ಡಿ ಜೋಡಿಸಿ ಒಂದು ಮೀಟರಿನ ಚೌಕ ಮಾಡು. ಹುಲ್ಲಿನ ಮೇಲಿಟ್ಟು ಆ ಹೆಬ್ಬೆರಳ ತುದಿಗಿಂತ ಮೇಲಿನದ್ದನ್ನಷ್ಟೇ ಕುಡುಗೋಲಲ್ಲಿ ಕೊಯ್ದು ತೂಗು. ಅರ್ಧ ಕೆಜಿ ಬಂತು ಅಂತಿಟ್ಟುಕೋ. 20 ಗುಂಟೆ ಅಂದರೆ ಹೆಚ್ಚುಕಡಿಮೆ 2,000 ಚದರ ಮೀಟರ್, ಅಲ್ಲಿಗೆ 1,000 ಕೆಜಿ. ಅರ್ಧ ತುಳಿತಕ್ಕೆ, ಗಂಜಲಕ್ಕೆ ಹೋಗುತ್ತದೆ, ಬಾಯಿಗೆ ಸಿಗುವುದು 500 ಕೆಜಿ. ಕುರಿಯೊಂದಕ್ಕೆ ದಿನಕ್ಕೆ 4 ಕೆಜಿ ಹಸಿ ಹುಲ್ಲು ಅಂದರೆ 25 ಕುರಿಗೆ ಐದು ದಿನಕ್ಕೆ ಸರಿಯಾಗಿ 500. ತೂಕ ಕಾಲು ಕೆಜಿಗೆ ಇಳಿದರೆ ದಿನವನ್ನೂ ಅರ್ಧ ಮಾಡು, ಇಲ್ಲವೇ ಹಬ್ಬಕ್ಕೆ ಮುಂಚೆ ಹೋತ, ಟಗರು ಮಾರಿ ಮಂದೆ ಸಣ್ಣದು ಮಾಡು. ಬೇರೆ ದಾರಿ ಇಲ್ಲ.

ಒಳಗಿನ ಬೇಲಿಗೆ ಕಲ್ಲು ಕಂಬ, ಸಿಮೆಂಟ್ ಏನೂ ಬೇಡ. ಊರೂರು ಅಲೆಯುವ ಕುರಿಗಾರರು ರಾತ್ರಿ ಮಂದೆ ಕೂಡಲು ನೈಲಾನ್ ಬಲೆ ಕಟ್ಟುತ್ತಾರಲ್ಲ, ಅದೇ ಸಾಕು. 20 ಗುಂಟೆಯ ಚೌಕಕ್ಕೆ ಒಂದು ಬದಿ ಸುಮಾರು 148 ಅಡಿ. ಒಂದು ಬದಿ ಹೊರಬೇಲಿಯೇ ಆದರೆ ಉಳಿದ ಮೂರಕ್ಕೆ 445 ಅಡಿ ಬಲೆ, ಬಿದಿರು ಗೂಟ. ಐದು ದಿನಕ್ಕೊಮ್ಮೆ ಕಿತ್ತು ಮುಂದಕ್ಕೆ ನೆಡುವುದು ಇಬ್ಬರ ಅರ್ಧ ದಿನದ ಕೆಲಸ. ಕೊಂಬಿನ ಮೇಕೆ, ಎಳೆ ಮರಿ ಬಲೆಗೆ ಸಿಕ್ಕಿಕೊಳ್ಳುತ್ತವೆ, ಹಗಲು ಒಬ್ಬರ ಕಣ್ಣು ಇರಲೇಬೇಕು. ರಾತ್ರಿ ಮಾತ್ರ ಎಲ್ಲವನ್ನೂ ಗಟ್ಟಿ ಹಟ್ಟಿಗೇ ತಂದು ಕೂಡು. ಬಲೆ ನಾಯಿಯನ್ನು ತಡೆಯುವುದಿಲ್ಲ.

ಎಲ್ಲ ಪಾಲಿಗೂ ತಾಗುವ ಹಾಗೆ ಹತ್ತಡಿಯ ಒಂದು ಓಣಿ ಬಿಟ್ಟುಕೋ. ನೀರಿನ ತೊಟ್ಟಿ, ಮರದ ನೆರಳು ಆ ಓಣಿಯಲ್ಲಿರಲಿ. ಒಂದೇ ತೊಟ್ಟಿ ಏಳು ಪಾಲಿಗೂ ಆಗುತ್ತದೆ. ಬಾಗಿಲು ಪಾಲಿನ ನಡುವೆ ಬೇಡ, ಹಟ್ಟಿ ಕಡೆಯ ಮೂಲೆಯಲ್ಲಿಡು. ಅಟ್ಟಿದ ಕುರಿ ಬೇಲಿ ಹಿಡಿದು ಮೂಲೆಗೇ ಹೋಗುತ್ತದೆ, ಸುಮ್ನೆ ಓಡಾಡಿಸುವುದು ತಪ್ಪುತ್ತದೆ.

ಬೋಳಾದ ಜಾಗಕ್ಕೆ ಅಂಜನ್ ಹುಲ್ಲು, ಸ್ಟೈಲೋ ಅನ್ನುವ ದ್ವಿದಳ ಜಾತಿಯ ಮೇವಿನ ಗಿಡ ಜೊತೆಯಾಗಿ ಹಾಕು. ನಮ್ಮಂಥ ಕಡಿಮೆ ಮಳೆಯ ಸೀಮೆಗೆ ಇದು ಹೊಂದುವ ಜೋಡಿ. ಅಂಜನ್ ಬೀಜ ಹತ್ತಿಯ ಹಾಗೆ ಹಗುರ, ಹಸಿ ಮರಳಲ್ಲಿ ಕಲಸಿ ಎರಚಬೇಕು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿ ನೀರಿನಲ್ಲಿ ನಾಲ್ಕು ನಿಮಿಷ ಇಟ್ಟು ತಣ್ಣೀರಿಗೆ ಹಾಕಿ ಆರಿಸಿದರೆ ಚೆನ್ನಾಗಿ ಹುಟ್ಟುತ್ತದೆ. ಎರಡನ್ನೂ ಆಳಕ್ಕೆ ಹಾಕಬೇಡ, ಮುಳ್ಳಿನ ಕೊಂಬೆ ಎಳೆದರೆ ಮುಚ್ಚುವಷ್ಟು ಮಣ್ಣು ಸಾಕು. ಝಾನ್ಸಿಯಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ನಮ್ಮ ಧಾರವಾಡದಲ್ಲಿದೆ, ಬೀಜದ ವಿಚಾರ ಅಲ್ಲಿ ಕೇಳು. ಮೊದಲ ವರ್ಷ ಆ ಪಾಲಿಗೆ ಕುರಿ ಬಿಡಲೇಬೇಡ. ಬೀಜ ಉದುರಿದ ಮೇಲೆ ಕೊಯ್ದು ಹಾಕು. ಕಾಂಗ್ರೆಸ್ ಗಿಡವನ್ನು ಹೂವಾಗುವ ಮೊದಲು, ಮಳೆ ಬಿದ್ದ ಮಾರನೇ ದಿನ, ಕೈಗೆ ಚೀಲ ಸುತ್ತಿಕೊಂಡು ಬೇರು ಸಮೇತ ಕೀಳು.

ಪ್ರಶ್ನೆ: ಹನ್ನೆರಡು ಮೇಕೆ ಇವೆ. ಮುಳ್ಳುತಂತಿ ಅಗ್ಗ, ಚೈನ್ ಲಿಂಕ್ (ಹೆಣೆದ ತಂತಿಯ ಜಾಲರಿ) ದುಬಾರಿ. ಮುಳ್ಳುತಂತಿಯನ್ನೇ ಐದು ಸಾಲು ಎಳೆದರೆ ಸಾಲದೇ?
– ಗೃಹಿಣಿ, ಗುಂಡ್ಲುಪೇಟೆ

ಉತ್ತರ: ಸಾಲದು ತಂಗಿ. ದನಕ್ಕೆ ಮುಳ್ಳುತಂತಿ ಆದೀತು. ಮೇಕೆ ತಲೆ ತೂರಿತೆಂದರೆ ಮೈಯನ್ನೂ ತೂರಿಸುತ್ತದೆ. ನಮ್ಮ ಒಂದು ಹಾಲು ಕುರಿ ಹೀಗೆ ನುಗ್ಗಲು ಹೋಗಿ ಕೆಚ್ಚಲು ಹರಿದುಕೊಂಡಿತು. ಹೊಲಿಗೆ ಹಾಕಿಸಿದರೂ ಒಂದು ಮೊಲೆ ಉಳಿಯಲಿಲ್ಲ. ಅವಳಿ ಮರಿಗಳಿಗೆ ಬಾಟಲಿ ಹಾಲು ಕುಡಿಸಿ ಬೆಳೆಸಿದೆ. ರಾತ್ರಿ ಎರಡು ಗಂಟೆಗೆ ಎದ್ದು ಹಾಲು ಬಿಸಿ ಮಾಡುವಾಗೆಲ್ಲ ಆ ತಂತಿಗೆ ಉಳಿಸಿದ ದುಡ್ಡು ನೆನಪಾಗುತ್ತಿತ್ತು.

ಎಲ್ಲ ಕಡೆಗೂ ಚೈನ್ ಲಿಂಕ್ ಆಗದಿದ್ದರೆ ಹಟ್ಟಿ ಸುತ್ತ ಮೊದಲು ಹಾಕಿಸಿ, ಐದಡಿ ಎತ್ತರ. ಗೇಜ್ ನಂಬರ್ ಜಾಸ್ತಿಯಾದಷ್ಟೂ ತಂತಿ ಸಣ್ಣ, ಅಂಗಡಿಯಲ್ಲಿ ಇದನ್ನು ಮರೆಯಬೇಡಿ. 12 ಗೇಜಿಗಿಂತ 10 ಗೇಜ್ ದಪ್ಪ. ಮೆಶ್‌ನ ಕೆಳಗೆ ಅಂಗೈ ತೂರುವಷ್ಟು ಸಂದಿ ಇದ್ದರೂ ನಾಯಿ ಅಲ್ಲೇ ಕೆರೆಯುತ್ತದೆ. ಬುಡದುದ್ದಕ್ಕೂ ಒಂದು ಸಾಲು ಸೈಜುಗಲ್ಲು ಕೂರಿಸಿ.

ಕಂಬದ ವಿಚಾರದಲ್ಲಿ ನಾವು ಪೆಟ್ಟು ತಿಂದಿದ್ದೇವೆ. ಏಳಡಿ ಕಲ್ಲು ಕಂಬಕ್ಕೆ ಎರಡಡಿ ಗುಂಡಿ ಅಂತ ಮಾತಾಗಿತ್ತು. ಬೇಲಿ ಹಾಕಲು ಬಂದವರು ಒಂದಡಿ ತೋಡಿ, ಮೇಲೆ ಮಣ್ಣು ಮುಚ್ಚಿ, ಉಳಿದ ಕಂಬದ ತಲೆ ಒಡೆದು ಸಮ ಮಾಡಿ ಹೋದರು. ಹಸ್ತ ಮಳೆಗೆ ನೆಲ ನೆನೆದಾಗ ಹದಿನಾಲ್ಕು ಕಂಬ ಒಂದರ ಹಿಂದೆ ಒಂದು ವಾಲಿದವು. ಗುಂಡಿ ಮುಚ್ಚುವ ಮೊದಲು ನೀವೇ ಟೇಪ್ ಹಿಡಿದು ಅಳೆಯಿರಿ. ಊಟದ ಹೊತ್ತಾದರೂ ಸರಿ, ಅಲ್ಲಿಂದ ಕದಲಬೇಡಿ. ಮೂಲೆ ಕಂಬಕ್ಕೆ ಎರಡೂ ಕಡೆಯಿಂದ ಓರೆಯಾಗಿ ಕಲ್ಲು ಆನಿಸಬೇಕು. ಬೇಲಿಯ ಎಳೆತ ಪೂರ್ತಿ ಬೀಳುವುದು ಅದರ ಮೇಲೆಯೇ.

ಹೊಲದ ಉಳಿದ ಬದುಗಳಿಗೆ ಜೀವಂತ ಬೇಲಿ ಬೆಳೆಸಿ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ, ಆದರೆ ಆಡುಸೋಗೆಯನ್ನು ಮೇಕೆ ಮುಟ್ಟುವುದಿಲ್ಲ. ಲಕ್ಕಿ ಗಿಡವನ್ನೂ ಅಷ್ಟಾಗಿ ತಿನ್ನುವುದಿಲ್ಲ. ಎರಡರ ಕಡ್ಡಿಯೂ ಮಳೆಗಾಲದಲ್ಲಿ ನೆಟ್ಟರೆ ಬೇರು ಬಿಡುತ್ತದೆ. ಕತ್ತಾಳೆಯೂ ಆಗುತ್ತದೆ. ಗೊಬ್ಬರದ ಗಿಡ, ಅಗಸೆ, ನುಗ್ಗೆ ಮುಂತಾದ ಮೇವಿನ ಮರಗಳನ್ನು ಬೇಲಿಯಿಂದ ಒಂದು ಮಾರು ಹೊರಗೆ ನೆಡಿ. ಒಳಗೆ ನೆಟ್ಟರೆ ತೊಗಟೆ ಸಮೇತ ಮುಗಿಸುತ್ತವೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೂವು ಚೆಂದ ಅಂತ ಬೇಲಿಗೆ ಕಣಗಿಲೆ ನೆಡಬೇಡಿ. ಅದರ ಎಲೆ ವಿಷ, ಒಣಗಿದರೂ ವಿಷ. ಯಾರೋ ಸವರಿ ಬಿಸಾಡಿದ ಕೊಂಬೆಯನ್ನು ಹಸಿದ ಮೇಕೆ ತಿಂದರೆ ಹೃದಯವೇ ನಿಲ್ಲುತ್ತದೆ. ಈಗಾಗಲೇ ಇದ್ದರೆ ಕಿತ್ತು ಹೂತುಬಿಡಿ.

ಪ್ರಶ್ನೆ: ನಾಯಿ ಕಾಟ ತಡೆಯಲು ಮನೆಯ ಕರೆಂಟನ್ನೇ ರಾತ್ರಿ ಹೊತ್ತು ಬೇಲಿಗೆ ಕೊಡಬಹುದೇ?
– ಓದುಗರು, ಕೊಪ್ಪಳ ಜಿಲ್ಲೆ

ಉತ್ತರ: ಕೊಡಲೇಬೇಡಿ. ಮನುಷ್ಯರು ಸಾಯುತ್ತಾರೆ, ನಿಮ್ಮ ಮನೆಯವರೇ ಸಾಯಬಹುದು. ಅದು ಅಪರಾಧವೂ ಹೌದು. ಸೋಲಾರ್ ಬೇಲಿಯ ಝಟ್ಕಾ ಮಶೀನೇ ಬೇರೆ. ಅದು ಬ್ಯಾಟರಿಯಿಂದ ಸೆಕೆಂಡಿಗೊಮ್ಮೆಯಷ್ಟು, ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು ಹೊಡೆತ ಕೊಟ್ಟು ಬಿಡುತ್ತದೆ. ಮುಟ್ಟಿದವರು ಕೈ ಹಿಂದಕ್ಕೆ ತೆಗೆಯಲು ಆ ಬಿಡುವು ಸಾಕು. ಮನೆ ಕರೆಂಟ್ ಹಿಡಿದದ್ದನ್ನು ಬಿಡುವುದಿಲ್ಲ.

ಮಶೀನು ಹಾಕಿಸಿದರೆ ಅರ್ಥಿಂಗ್ ಕಡೆ ಗಮನ ಕೊಡಿ. ಬೇಸಿಗೆಯಲ್ಲಿ ಒಣ ನೆಲದಲ್ಲಿ ಝಟ್ಕಾ ಹೊಡೆಯುವುದೇ ಇಲ್ಲ. ಮೂರು ಕಡೆ ರಾಡ್ ಹೊಡೆಸಿ, ಅದರ ಬುಡಕ್ಕೆ ಆಗಾಗ ನೀರು ಹಾಕಿ. ಒಂದು ತಂತಿ ಬಿಟ್ಟು ಒಂದನ್ನು ಅರ್ಥಿಂಗ್‌ಗೆ ಜೋಡಿಸಿದರೆ ಒಣ ನೆಲದಲ್ಲೂ ಕೆಲಸ ಮಾಡುತ್ತದೆ. ಕೆಳಗಿನ ತಂತಿಗೆ ಹುಲ್ಲು ತಾಗಿದರೆ ಕರೆಂಟೆಲ್ಲ ನೆಲಕ್ಕೆ ಹೋಗುತ್ತದೆ, ವಾರಕ್ಕೊಮ್ಮೆ ಸವರಬೇಕು. ಉಣ್ಣೆ ಇರುವ ಕುರಿಯ ಮೈಗೆ ಝಟ್ಕಾ ತಾಗದು. ಅದು ಮೂಗಿನಿಂದ ಕಲಿಯಬೇಕು, ಅದಕ್ಕೇ ಒಂದು ತಂತಿ ಮೂಗಿನ ಮಟ್ಟಕ್ಕಿರಲಿ. ಫಲಕ ತೂಗುಹಾಕಿ, ಅಕ್ಕಪಕ್ಕದವರಿಗೆ ಬಾಯಲ್ಲೂ ಹೇಳಿ.

ಪ್ರಶ್ನೆ: ಹಚ್ಚಗೆ ಮೇವಿದ್ದರೂ ಮಳೆಗಾಲದಲ್ಲಿ ಕುರಿಗಳು ಬಡವಾಗುತ್ತವೆ, ದವಡೆ ಕೆಳಗೆ ನೀರು ತುಂಬಿಕೊಳ್ಳುತ್ತದೆ. ವರ್ಷಕ್ಕೆ ನಾಲ್ಕು ಸಲ ಜಂತಿನ ಔಷಧಿ ಹಾಕುತ್ತೇವೆ.
– ಯುವ ರೈತ, ಅರಸೀಕೆರೆ

ಉತ್ತರ: 2022ರಲ್ಲಿ ನಮ್ಮ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿತ್ತು, 1933ರ ನಂತರ ಅದೇ ಮೊದಲು. ಊರೆಲ್ಲ ಬಾಗಿನ ಕೊಡಲು ಹೋಗಿತ್ತು. ನಾನು ಹಟ್ಟಿಯಲ್ಲಿ ಕೂತು ಕುರಿಗಳ ಕಣ್ಣು ರೆಪ್ಪೆ ಬಿಡಿಸಿ ನೋಡುತ್ತಿದ್ದೆ. ರೆಪ್ಪೆಯ ಒಳಗು ಕೆಂಪಗಿರಬೇಕು. ಆರು ಕುರಿಗಳದ್ದು ಸುಣ್ಣದ ಹಾಗಿತ್ತು. ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ಸೇರಿತ್ತು. ಎರಡು ಕುರಿ ಉಳಿಯಲಿಲ್ಲ.

ಆ ಜಂತಿನ ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ಬೆಚ್ಚಗೆ, ಒದ್ದೆಯಾಗಿದ್ದರೆ ಸುಮಾರು ಒಂದು ವಾರದಲ್ಲಿ ಮರಿಹುಳ ತಯಾರಾಗಿ ಇಬ್ಬನಿ ಹಿಡಿದು ಹುಲ್ಲು ಹತ್ತುತ್ತದೆ. ತುಂಬಾ ಮೇಲೆ ಹತ್ತುವುದಿಲ್ಲ, ಬುಡದ ಮೂರ್ನಾಲ್ಕು ಬೆರಳಿನಲ್ಲೇ ಜಾಸ್ತಿ. ಶಿರಾದ ತಮ್ಮನಿಗೆ ಐದು ದಿನ ಅಂದದ್ದು, ಮುಷ್ಟಿಯ ಅಳತೆ ಹೇಳಿದ್ದು ಇದಕ್ಕೂ ಆಗುತ್ತದೆ. ಹುಳ ತಯಾರಾಗುವ ಮೊದಲೇ ಕುರಿ ಮುಂದಿನ ಪಾಲಿಗೆ ಹೋಗಿರುತ್ತದೆ, ಹುಳ ಇರುವ ಬುಡಕ್ಕೆ ಬಾಯಿ ಹಾಕುವುದೂ ತಪ್ಪುತ್ತದೆ. ತಿಂಗಳ ಬಿಡುವಿನಲ್ಲಿ ಎಲ್ಲ ಹುಳ ಸಾಯದಿದ್ದರೂ ಎಷ್ಟೋ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಇಬ್ಬನಿ ಆರುವ ತನಕ ಕುರಿ ಬಿಡಬೇಡಿ. ಕಾಲುವೆ ಬದಿ, ಜೌಗು ಜಾಗಕ್ಕಂತೂ ಬೇಡ.

ಔಷಧಿಯನ್ನು ಸುಮ್ನೆ ಎಲ್ಲಕ್ಕೂ ಕುಡಿಸುತ್ತಾ ಹೋದರೆ ಜಂತಿಗೆ ಅದು ಅಭ್ಯಾಸವಾಗುತ್ತದೆ. ಹಿಕ್ಕೆ ಪರೀಕ್ಷೆ ಮಾಡಿಸಿ. ಕುರಿಯನ್ನು ತೂಗಿ, ತೂಕಕ್ಕೆ ತಕ್ಕಷ್ಟು ಹಾಕಿ. ಕಣ್ಣಂದಾಜಿನಲ್ಲಿ ಕಡಿಮೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಹಾಗೆಯೇ ಮೊದಲ ಮಳೆಯ ಎಳೆ ಹುಲ್ಲಿಗೆ ಹಸಿದ ಮಂದೆಯನ್ನು ಒಮ್ಮೆಲೇ ನುಗ್ಗಿಸಬೇಡಿ. ಒಣಮೇವು ಹಾಕಿ, ಒಂದು ಗಂಟೆ ಬಿಟ್ಟು ವಾಪಸ್ ತನ್ನಿ, ದಿನದಿಂದ ದಿನಕ್ಕೆ ಹೊತ್ತು ಹೆಚ್ಚಿಸಿ. ಕರುಳು ಬೇನೆಯ ಲಸಿಕೆ ಮಳೆಗೆ ಮುಂಚೆಯೇ, ಮೇ ತಿಂಗಳಲ್ಲಿ ಆಗಿರಬೇಕು. ಅದನ್ನು ಮರೆತ ವರ್ಷ ಚೆನ್ನಾಗಿ ಮೈ ತುಂಬಿದ ಮರಿಗಳೇ ನಮ್ಮ ಕೈ ಬಿಟ್ಟು ಹೋದವು.

ಪ್ರಶ್ನೆ: ಜೋಳ ಕೊಯ್ದ ಹೊಲದಲ್ಲಿ ಕೂಳೆ ಚಿಗುರಿದೆ. ಕುರಿ ಬಿಡಬಹುದೇ?
– ಓದುಗರು, ಗದಗ

ಉತ್ತರ: ಮೊಣಕಾಲಿಗಿಂತ ಕಡಿಮೆ ಎತ್ತರದ, ನೀರಿಲ್ಲದೆ ಬಾಡಿದ ಕೂಳೆ ಚಿಗುರಿನಲ್ಲಿ ವಿಷ ಇರುತ್ತದೆ. ಬಿಡಬೇಡಿ. ತಿಂದ ಕುರಿ ಏದುಸಿರು ಬಿಟ್ಟು ನಿಮಿಷಗಳಲ್ಲಿ ಬೀಳುತ್ತದೆ. ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ, ಬೇಗ ಸಿಕ್ಕರೆ ಇದಕ್ಕೆ ಇಂಜೆಕ್ಷನ್ ಇದೆ. ಕೊಯ್ದು ಚೆನ್ನಾಗಿ ಒಣಗಿಸಿ ಹಾಕುವುದೇ ಮೇಲು.

ಪ್ರಶ್ನೆ: ಅಕ್ಕಾ, ನೀವು ಹಿಂದೆ ಬರೆದ ಹಾಗೆ ಒಂದು ಪಾಲು ಮುಚ್ಚಿಟ್ಟಿದ್ದೇನೆ. ಕಣ್ಣೆದುರಿಗೇ ಹುಲ್ಲು ಒಣಗುತ್ತಿದೆ, ಕುರಿ ಬಿಡದೆ ಹಾಳು ಮಾಡುತ್ತೀಯಲ್ಲ ಅಂತ ಅತ್ತೆ ದಿನಾ ಬೈಯುತ್ತಾರೆ. ಏನು ಹೇಳಲಿ?
– ಸೊಸೆ, ಹೊಸದುರ್ಗ ತಾಲ್ಲೂಕು

ಉತ್ತರ: ತಂಗೀ, ಅವರ ಮೇಲೆ ಕೋಪ ಮಾಡಿಕೊಳ್ಳಬೇಡ. ಬರ ಕಂಡವರಿಗೆ ನಿಂತ ಹುಲ್ಲು ಒಣಗುವುದನ್ನು ನೋಡಲು ಆಗುವುದಿಲ್ಲ. ನಮ್ಮ ಅತ್ತೆಯೂ ಹೀಗೆಯೇ ಅಂದರು. ಆದರೆ ನಿಮ್ಮ ಅತ್ತೆಗೆ ಅಮೃತಮಹಲ್ ಕಾವಲುಗಳು, ಅಂದರೆ ಮೈಸೂರು ಅರಸರ ಅಮೃತಮಹಲ್ ದನಗಳಿಗೆ ಬಿಟ್ಟಿದ್ದ ಹುಲ್ಲುಗಾವಲುಗಳು, ಗೊತ್ತಿರುತ್ತವೆ. ಆ ದನಗಳಿಗೆ ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ ಅಂತ ವಿಂಗಡಿಸಿ ಇಟ್ಟಿದ್ದರು. ಬೇಸಿಗೆ ಕಾವಲಿಗೆ ಬೇಸಿಗೆಯಲ್ಲೇ ದನ ಹೋಗುತ್ತಿದ್ದದ್ದು. ಹಳಬರು ಮಾಡಿದ್ದನ್ನೇ ನೀನು ಮಾಡುತ್ತಿದ್ದೀಯ. ಇದನ್ನು ಅವರಿಗೆ ಹೇಳು.

ಒಣಗಿದ ಅಂಜನ್‌ನಲ್ಲಿ ಸತ್ವ ಕಡಿಮೆ, ಅದೊಂದನ್ನೇ ನಂಬಿದರೆ ಕುರಿ ಇಳಿದುಹೋಗುತ್ತದೆ. ಜೊತೆಗೆ ಹುರುಳಿ ಹೊಟ್ಟು, ಒಂದು ಹಿಡಿ ಶೇಂಗಾ ಹಿಂಡಿ ಕೊಡು. ಪಾಲಿನ ಸುತ್ತ ನಾಲ್ಕಡಿ ಅಗಲಕ್ಕೆ ಹುಲ್ಲು ಸವರಿ ನೆಲ ಬಿಡಿಸು. ಬೇಸಿಗೆಯಲ್ಲಿ ಯಾರೋ ಬಿಸಾಡಿದ ಬೀಡಿಯ ಕಿಡಿ ಸಾಕು, ಎಲ್ಲ ಬೂದಿಯಾಗುತ್ತದೆ.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಮೊದಲ ಸಲ ಬರೀ ಹತ್ತು ಗುಂಟೆ ಮುಚ್ಚಿದ್ದೆ. ಯುಗಾದಿಗೆ ಎಂಟು ದಿನ ಇತ್ತು. ಊರಲ್ಲಿ ಎಲ್ಲರೂ ಮೇವಿಲ್ಲದೆ ಕುರಿಗೆ ಜಾಲಿ ಕಾಯಿ ಹುಡುಕುತ್ತಿದ್ದರು. ಅತ್ತೆಯನ್ನು ಕೈ ಹಿಡಿದು ಆ ಪಾಲಿಗೆ ಕರೆದುಕೊಂಡು ಹೋದೆ. ಸೊಂಟದ ಮಟ್ಟ ಹೊಂಬಣ್ಣದ ಹುಲ್ಲು, ಬುಡದಲ್ಲಿ ಸ್ಟೈಲೋ ಇನ್ನೂ ಹಸಿರು. ಅವರು ಏನೂ ಮಾತಾಡಲಿಲ್ಲ. ಬಗ್ಗಿ ಒಂದು ಹಿಡಿ ಕಿತ್ತು ಮೂಸಿ ನೋಡಿದರು. ಮನೆಗೆ ಬಂದು ಕುಡುಗೋಲು ತೆಗೆದುಕೊಂಡು ಹೋದರು. ಮುಂದಿನ ವರ್ಷ ಚಿತ್ತೆ ಮಳೆ ಮುಗಿದ ಕೂಡಲೇ ಆ ಪಾಲಿನ ಬಾಗಿಲಿಗೆ ಮುಳ್ಳು ಎಳೆದವರು ಅವರೇ. ನೀನೂ ಯುಗಾದಿ ತನಕ ತಡೆ. ಆಮೇಲೆ ಅತ್ತೆಯ ಕೈ ಹಿಡಿದು ಕರೆದುಕೊಂಡು ಹೋಗು.